ಕಂಪನಿಯೇ ಕಲಿಸುವ ಲಾರಿ ಚಾಲನೆ: ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಭೋಸರಿ, ಚಾಕಣಗಳಲ್ಲಿ, ನವಿ ಮುಂಬಯಿಯ ಕಳಂಬೋಲಿಯಲ್ಲಿ, ಗೋವಾದ ವಾಸ್ಕೋ, ವೆರ್ಣಾಗಳಲ್ಲಿ ದುಡಿಯುತ್ತಿರುವ ನಮ್ಮವರ ಪೈಕಿ ಲಾರಿ ಚಾಲನೆಗೆ ಹೊರಳಬೇಕೆಂದು ಯೋಚಿಸುವವರು ಬಹಳ ಮಂದಿ. ಸಂಘದ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ, ಪತ್ರ ಬರೆದು, ಫೋನು ಮಾಡಿ ಅವರು ಕೇಳುತ್ತ ಬಂದ ಪ್ರಶ್ನೆಗಳನ್ನು ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಗೂಡಿಸಿದ್ದೇನೆ. ಮೊದಲು ಲೈಸೆನ್ಸಿನ ವಿಚಾರ, ನಂತರ ತರಬೇತಿ, ಆಮೇಲೆ ಕಂಪನಿಯೊಡನೆ ಮಾಡಿಕೊಳ್ಳುವ ಕಾಗದಪತ್ರ, ಕೊನೆಗೆ ರಸ್ತೆಗಿಳಿದವರ ಪ್ರಶ್ನೆಗಳು ಬರುತ್ತವೆ.

## ಲೈಸೆನ್ಸಿಗೆ ಮುನ್ನ

ಕಂಪನಿಯವ್ರು ಫುಕಟ್ ಕಲಸ್ತಾರಂತ್ರಿ, ಖರೇ ಏನ್ರಿ?

ಖರೆ. ಆದರೆ ಮಾಫಿ ಆಗುವುದು ಶುಲ್ಕ ಮಾತ್ರ. ಸಾಗಣೆ ಕಂಪನಿಯೊಂದು ಅಭ್ಯರ್ಥಿಯನ್ನು ಆರಿಸಿಕೊಂಡು, ಮಾನ್ಯತೆ ಪಡೆದ ತರಬೇತಿ ಕೇಂದ್ರಕ್ಕೆ ಕಳುಹಿಸಿ, ಅದರ ಶುಲ್ಕವನ್ನೂ ಊಟ ವಸತಿಯನ್ನೂ ತಾನೇ ಭರಿಸಿ, ಅದಕ್ಕೆ ಪ್ರತಿಯಾಗಿ ಇಷ್ಟು ತಿಂಗಳು ನಮ್ಮಲ್ಲೇ ದುಡಿಯಬೇಕೆಂದು ಬರೆಸಿಕೊಳ್ಳುವುದು ಸಾಮಾನ್ಯ ಕ್ರಮ. ಕೆಲವರು ತಮ್ಮ ಡಿಪೋದಲ್ಲೇ ಹಳೆಯ ಚಾಲಕರ ಕೈಕೆಳಗೆ ಕಲಿಸುತ್ತಾರೆ. ಇನ್ನು ಕೆಲವರು ಹೆವಿ ಲೈಸೆನ್ಸ್ ಇದ್ದವರನ್ನೇ ತೆಗೆದುಕೊಂಡು, ತಮ್ಮ ಗಾಡಿಗಳಿಗೆ ಒಗ್ಗಿಸುವ ಕೆಲವೇ ದಿನಗಳ ಪಾಠವನ್ನು ತರಬೇತಿ ಎಂದು ಕರೆಯುತ್ತಾರೆ. ಈ ಮೂರರಲ್ಲಿ ನಿಮಗೆ ಹೇಳುತ್ತಿರುವುದು ಯಾವುದು ಎಂಬುದನ್ನು ಮೊದಲ ಮಾತಿನಲ್ಲೇ ಬಿಡಿಸಿ ಕೇಳಬೇಕು. ಏಕೆಂದರೆ ಮೂರನೆಯದಕ್ಕೂ ಮೊದಲನೆಯದರಷ್ಟೇ ಉದ್ದದ ಬಾಂಡ್ ಬರೆಸಿಕೊಳ್ಳುವವರಿದ್ದಾರೆ.

ನನಗೀಗ ಹತ್ತೊಂಬತ್ತು. ನೇರವಾಗಿ ಹೆವಿ ಲೈಸೆನ್ಸ್ ಮಾಡಿಸಬಹುದೆ?

ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದವರು ಸ್ವಂತ ಬಳಕೆಯ ಲಘು ವಾಹನ ಓಡಿಸಬಹುದು, ಸಾರಿಗೆ ವಾಹನ, ಅಂದರೆ ಸರಕನ್ನೋ ಬಾಡಿಗೆಗೆ ಜನರನ್ನೋ ಒಯ್ಯುವ ಗಾಡಿ, ಓಡಿಸಲು ಇಪ್ಪತ್ತು ತುಂಬಿರಬೇಕು. ಅದರ ಜೊತೆಗೆ ಇನ್ನೊಂದು ಷರತ್ತಿದೆ. ಲಘು ಮೋಟಾರು ವಾಹನದ ಪಕ್ಕಾ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗದೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸನ್ನು, ಅಂದರೆ ಎಲ್ಎಲ್ಆರ್ ಅನ್ನು, ಕೊಡುವಂತಿಲ್ಲ. ಕಂಪನಿ ಎಷ್ಟೇ ದೊಡ್ಡದಾದರೂ ಈ ಒಂದು ವರ್ಷವನ್ನು ಕಡಿಮೆ ಮಾಡಲಾರದು. ಆದ್ದರಿಂದ ಲಾರಿಯ ಯೋಚನೆ ತಲೆಗೆ ಬಂದ ದಿನವೇ ಕಾರಿನ ಲೈಸೆನ್ಸಿಗೆ ಅರ್ಜಿ ಹಾಕಿ. ಎಲ್ಎಲ್ಆರ್ ಆರು ತಿಂಗಳು ಊರ್ಜಿತದಲ್ಲಿರುತ್ತದೆ, ಅದು ಸಿಕ್ಕ ಮೂವತ್ತು ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಕಂಪನಿಯ ಆಯ್ಕೆ ಮುಗಿದ ಮೇಲೆ ಕಾರಿನ ಲೈಸೆನ್ಸಿಗೆ ಓಡಾಡುವವರು ಒಂದಿಡೀ ವರ್ಷ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಆ ಜಾಗ ಇನ್ನೊಬ್ಬರ ಪಾಲಾಗಿರುತ್ತದೆ.

ನಾ ಎಂಟನೇತ್ತಾ ಪಾಸಿಲ್ರಿ. ನಂಗ ಹೆವಿ ಸಿಗತೈತೇನ್ರಿ?

ಸಿಗುತ್ತದೆ. ಸಾರಿಗೆ ವಾಹನದ ಚಾಲಕರು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರಕಾರ 2019ರಲ್ಲಿ ತೆಗೆದುಹಾಕಿದೆ. ಆದರೆ ಕಂಪನಿಗಳು ತಮ್ಮ ಆಯ್ಕೆಗೆ ಎಂಟನೆಯದನ್ನೋ ಹತ್ತನೆಯದನ್ನೋ ಕೇಳಬಹುದು, ಅದು ಅವರವರ ಇಚ್ಛೆ. ಸರಕು ಪತ್ರ, ಇ-ವೇ ಬಿಲ್, ಫೋನಿನಲ್ಲಿ ಬರುವ ಸಂದೇಶ ಓದಲು ಬಾರದವರಿಗೆ ಕೆಲಸ ಕಷ್ಟ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮುಂದೆ ಬಂದವರು ಮುಂಬಯಿಯಲ್ಲಿ ಒಂದು ತಲೆಮಾರೇ ಇದ್ದಾರೆ.

ಆಧಾರ್ ವಿಜಯಪುರದ್ದು, ಇರೋದು ಭೋಸರಿಯಲ್ಲಿ. ಅರ್ಜಿ ಎಲ್ಲಿ ಹಾಕಲಿ?

ನೀವು ಸಾಮಾನ್ಯವಾಗಿ ವಾಸವಿರುವ, ಕೆಲಸ ಮಾಡುವ ಇಲ್ಲವೆ ಚಾಲನಾ ಶಾಲೆಯಲ್ಲಿ ಕಲಿಯುತ್ತಿರುವ ರಾಜ್ಯದ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಲೈಸೆನ್ಸ್ ಒಮ್ಮೆ ಸಿಕ್ಕಿತೆಂದರೆ ದೇಶದಲ್ಲೆಲ್ಲ ನಡೆಯುತ್ತದೆ. ನನ್ನ ಸಲಹೆ ಕೇಳಿದರೆ, ಕಾರಿನ ಲೈಸೆನ್ಸನ್ನು ಊರಿಗೆ ಹೋದಾಗ ಆಧಾರ್ ವಿಳಾಸದಲ್ಲೇ ಮಾಡಿಸಿಕೊಳ್ಳಿ. ಹೆವಿ ಸೇರಿಸುವ ಹೊತ್ತಿಗೆ ನೋಂದಾಯಿತ ಬಾಡಿಗೆ ಕರಾರೋ ಬದಲಾದ ಆಧಾರ್ ವಿಳಾಸವೋ ಸಿದ್ಧವಿದ್ದರೆ ಪಿಂಪ್ರಿ-ಚಿಂಚವಾಡದ ಆರ್‌ಟಿಒದಲ್ಲೇ ಕೆಲಸ ಮುಗಿಯುತ್ತದೆ.

ಏಜೆಂಟ ಹದಿನೈದು ಸಾವಿರ ಕೇಳಾಕತ್ತಾನ್ರಿ. ಸರಕಾರದ ಫೀ ಅಷ್ಟ ಐತೇನು?

ಅಷ್ಟಿಲ್ಲ. ಕೇಂದ್ರದ ನಿಯಮಗಳಲ್ಲಿ ಎಲ್ಎಲ್ಆರ್‌ಗೆ ವಾಹನದ ಪ್ರತಿ ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500 ರೂಪಾಯಿ ಎಂದಿದೆ. ಕಾರ್ಡು, ಸೇವಾ ಶುಲ್ಕಗಳೆಂದು ಮೇಲೆ ಸ್ವಲ್ಪ ಬೀಳಬಹುದು. ನಿಜವಾದ ಖರ್ಚು ಇರುವುದು ತರಬೇತಿಯಲ್ಲಿ, ಏಕೆಂದರೆ ಲಾರಿಯನ್ನು ಗಂಟೆಗಟ್ಟಲೆ ಓಡಿಸಿ ಕಲಿಸಲು ಡೀಸೆಲ್ ಬೇಕು, ಜಾಗ ಬೇಕು, ಪಕ್ಕದಲ್ಲಿ ಕೂರುವ ಬೋಧಕ ಬೇಕು. ಕಂಪನಿ ಭರಿಸುತ್ತೇನೆಂದು ಹೇಳುವುದೂ ಇದನ್ನೇ. ಕಲಿಸದೆ ಲೈಸೆನ್ಸ್ ಕೊಡಿಸುತ್ತೇನೆ ಎನ್ನುವ ಏಜೆಂಟನಿಗೆ ಹಣ ಕೊಟ್ಟವರು ಕಂಪನಿಯ ಅಂಗಳದಲ್ಲಿ ಟ್ರಯಲ್ ಕೊಡುವಾಗ ಮೊದಲ ರಿವರ್ಸಿನಲ್ಲೇ ಸಿಕ್ಕಿಬೀಳುತ್ತಾರೆ.

ಕಣ್ಣಿನ ತೊಂದರೆ ಇದ್ದವರಿಗೆ ಕೊಡುವುದಿಲ್ಲವೆ?

ಸಾರಿಗೆ ವಾಹನಕ್ಕೆ ವಯಸ್ಸು ಎಷ್ಟೇ ಇರಲಿ, ನೋಂದಾಯಿತ ವೈದ್ಯರು ಸಹಿ ಮಾಡಿದ ನಮೂನೆ 1ಎ ಪ್ರಮಾಣಪತ್ರ ಬೇಕು. ಕನ್ನಡಕದಿಂದ ಸರಿಹೋಗುವ ದೋಷ ಅಡ್ಡಿಯಲ್ಲ. ಬಣ್ಣಗುರುಡು ಸ್ವಲ್ಪ ಅಥವಾ ಮಧ್ಯಮ ಪ್ರಮಾಣದಲ್ಲಿದ್ದವರಿಗೂ ಲೈಸೆನ್ಸ್ ಸಿಗುವಂತೆ 2020ರಲ್ಲಿ ನಮೂನೆಯನ್ನು ತಿದ್ದಲಾಗಿದೆ. ತೀವ್ರವಾಗಿದ್ದರೆ ಸಿಗುವುದಿಲ್ಲ.

ಹೆವಿ ಬರೋತನಕ ಕಾರಿನ ಲೈಸೆನ್ಸಿನಲ್ಲಿ ಛೋಟಾ ಹಾಥಿ ಅಂತಾರಲ್ಲ, ಆ ಸಣ್ಣ ಸರಕು ಗಾಡಿ ಓಡಿಸಬಹುದಾ?

ಓಡಿಸಬಹುದು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಈ ತೂಕ ಗಾಡಿ ಮತ್ತು ಸರಕು ಎರಡೂ ಸೇರಿದ್ದು ಎಂಬುದು ನೆನಪಿರಲಿ. ಇಪ್ಪತ್ತು ವರ್ಷದ ಮಿತಿ ಇಲ್ಲಿಯೂ ಇದೆ. ಇಪ್ಪತ್ತು ದಾಟಿದವರು ಕಾಯುವ ವರ್ಷವನ್ನು ಭಿವಂಡಿಯ ಗೋದಾಮುಗಳಿಂದಲೋ ತುರ್ಭೆಯ ಮಾರುಕಟ್ಟೆಯಿಂದಲೋ ಸಣ್ಣ ಗಾಡಿ ಓಡಿಸುತ್ತ ಕಳೆದರೆ ಸಂಪಾದನೆಯೂ ಆಗುತ್ತದೆ, ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸುವ ಕೈಯೂ ಪಳಗುತ್ತದೆ. ಕಂಪನಿಯ ಆಯ್ಕೆಯಲ್ಲಿ ಇಂಥವರಿಗೆ ಮುಂದಿನ ಸಾಲು ಸಿಗುವುದನ್ನು ಕಂಡಿದ್ದೇನೆ.

## ತರಬೇತಿ

ಅಲ್ಲಿ ಏನೇನು ಕಲಿಸುತ್ತಾರೆ? ಎಷ್ಟು ದಿನ?

2021ರ ಜುಲೈನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಮಧ್ಯಮ ಮತ್ತು ಭಾರಿ ವಾಹನದ ಪಾಠ ಆರು ವಾರಗಳಲ್ಲಿ 38 ಗಂಟೆ ನಡೆಯುತ್ತದೆ, ತರಗತಿಯ ಪಾಠವೂ ಗಾಡಿಯ ಪಾಠವೂ ಅದರಲ್ಲಿ ಸೇರಿವೆ. ಅಲ್ಲಿ ತೇರ್ಗಡೆಯಾದವರಿಗೆ ಆರ್‌ಟಿಒದ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಪುಣೆಯವರಿಗೆ ಭೋಸರಿಯ ನಾಸಿಕ ಫಾಟಾದ ಬಳಿ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಯೂ ಚಾಲನಾ ತರಬೇತಿ ಮತ್ತು ಸಂಶೋಧನಾ ಸಂಸ್ಥೆಯೂ ಹತ್ತಿರ.

ಒಳ್ಳೆಯ ಬೋಧಕರು ಮೊದಲ ದಿನ ಸ್ಟೀರಿಂಗ್ ಮುಟ್ಟಗೊಡುವುದಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿಸುತ್ತಾರೆ. ಕಬ್ಬಿಣದ ಸಲಾಕೆಯಿಂದ ಪ್ರತಿ ಟೈರಿಗೂ ತಟ್ಟಿ, ಗಾಳಿ ಸರಿಯಿದ್ದರೆ ಬರುವ ಗಟ್ಟಿ ಸದ್ದಿಗೂ ಇಳಿದಿದ್ದರೆ ಬರುವ ಮಂಕು ಸದ್ದಿಗೂ ಇರುವ ವ್ಯತ್ಯಾಸವನ್ನು ಕಿವಿಗೆ ಹತ್ತಿಸುತ್ತಾರೆ. ಜೋಡಿ ಟೈರಿನಲ್ಲಿ ಒಳಗಿನದು ಕುಳಿತುಹೋಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಸದ್ದೇ ಹೇಳಬೇಕು. ಆಮೇಲೆ ಏರ್ ಟ್ಯಾಂಕಿನಡಿಯ ಕವಾಟ ಎಳೆದು ನೀರು ಹೊರಬಿಡಿಸುತ್ತಾರೆ, ಎಂಜಿನ್ ಚಾಲೂ ಮಾಡಿ ಗಾಳಿಯ ಒತ್ತಡದ ಮುಳ್ಳು ಮೇಲೇರುವವರೆಗೆ ಕಾಯಿಸುತ್ತಾರೆ. ಕಾರಿನಿಂದ ಬಂದವರಿಗೆ ಈ ಕಾಯುವಿಕೆಯೇ ಕಷ್ಟ. ಲಾರಿಯ ಬ್ರೇಕು ನಿಂತಿರುವುದೇ ಗಾಳಿಯ ಮೇಲೆ, ಒತ್ತಡ ಸಾಲದಿದ್ದರೆ ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕು ಹಿಡಿದುಕೊಂಡೇ ಇರುತ್ತದೆ. ಇಷ್ಟೆಲ್ಲ ಆದ ಮೇಲೆ ಗೇರು, ಕನ್ನಡಿ, ತಿರುವು, ರಿವರ್ಸು. ಪರದೆಯ ಮುಂದೆ ಕೂತು ಓಡಿಸುವ ಸಿಮ್ಯುಲೇಟರಿನ ಪಾಠವನ್ನು ಹುಡುಗರು ಆಟವೆಂದು ನಗುವುದುಂಟು, ಆದರೆ ಮಂಜು, ಮಳೆ, ಒಡೆದ ಟೈರುಗಳನ್ನು ಜೀವಕ್ಕೆ ಅಪಾಯವಿಲ್ಲದೆ ಅನುಭವಿಸಲು ಬೇರೆ ದಾರಿಯಿಲ್ಲ.

ನಮ್ಮ ಮಾವ ಕ್ಲೀನರ್ ಆಗಿಯೇ ಕಲಿತರು. ಶಾಲೆಗೆ ಯಾಕೆ ಹೋಗಬೇಕು?

ಮಾವನವರು ಕಲಿತದ್ದು ಸುಳ್ಳಲ್ಲ. ಕ್ಲೀನರ್ ಆಗಿ ವರ್ಷಗಟ್ಟಲೆ ಓಡಾಡಿದವರಿಗೆ ಹಗ್ಗ ಬಿಗಿಯುವುದು, ತಾಡಪತ್ರಿ ಹೊದಿಸುವುದು, ಯಾವ ಧಾಬಾದಲ್ಲಿ ಗಾಡಿ ನಿಲ್ಲಿಸಿದರೆ ಡೀಸೆಲ್ ಕಳುವಾಗದೆ ಉಳಿಯುತ್ತದೆ ಎಂಬುದು ಶಾಲೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಉಸ್ತಾದನ ಒಳ್ಳೆಯದರ ಜೊತೆ ಕೆಟ್ಟದ್ದೂ ಬರುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು, ಬೆಳಗಿನ ಜಾವ ನಿದ್ದೆಗೆ ತಂಬಾಕು ಹಾಕಿ ಮುಂದುವರಿಯುವುದು ಇಂಥವೇ. ಲೈಸೆನ್ಸ್ ಇಲ್ಲದ ಕ್ಲೀನರ್ ಕೈಗೆ ಹೆದ್ದಾರಿಯಲ್ಲಿ ಸ್ಟೀರಿಂಗ್ ಕೊಡುವುದಂತೂ ಶಿಕ್ಷಾರ್ಹ, ಆಗ ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೂ ಇದನ್ನೇ. ಕ್ಲೀನರ್ ಆಗಿ ಒಂದೆರಡು ವರ್ಷ, ನಂತರ ಕಂಪನಿಯ ಮೂಲಕ ಶಾಲೆ: ನಾನು ಕಂಡ ಒಳ್ಳೆಯ ಚಾಲಕರಲ್ಲಿ ಹೆಚ್ಚಿನವರು ಬಂದದ್ದು ಈ ದಾರಿಯಿಂದ.

ಘಾಟಿನಲ್ಲಿ ಇಳಿಸೋದನ್ನ ಮೈದಾನದಲ್ಲಿ ಹೇಗೆ ಕಲಿಸ್ತಾರೆ?

ಕಲಿಸಲಾರರು, ಆದ್ದರಿಂದಲೇ ಕಂಪನಿಯನ್ನು ಆರಿಸುವಾಗ ಈ ಪ್ರಶ್ನೆ ಕೇಳಲೇಬೇಕು. ತರಬೇತಿ ಮುಗಿದ ಮೇಲೆ ಅನುಭವಿ ಚಾಲಕನ ಜೊತೆ ಎಷ್ಟು ದಿನ ಓಡಿಸಲು ಬಿಡುತ್ತೀರಿ, ಆ ದಿನಗಳಲ್ಲಿ ಬೋರಘಾಟ್, ಖಂಬಾಟ್ಕಿ, ಗೋವಾ ಕಡೆಯವರಾದರೆ ಅನಮೋಡ ಬರುತ್ತವೆಯೆ ಎಂದು ಕೇಳಿ.

ಪುಣೆಯವರೆಲ್ಲ ಬಲ್ಲ ಉದಾಹರಣೆ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು. ಬೆಂಗಳೂರು ಕಡೆಯಿಂದ ಬರುವ ಲಾರಿಗಳಿಗೆ ಅದು ಕಣ್ಣಿಗೆ ಘಟ್ಟದಂತೆ ಕಾಣುವುದಿಲ್ಲ, ರಸ್ತೆ ಅಗಲವಾಗಿ ನೇರವಾಗಿದೆ. ಡೀಸೆಲ್ ಉಳಿಸಲೆಂದು ಚಾಲಕರು ನ್ಯೂಟ್ರಲ್ ಮಾಡುತ್ತಾರೆ, ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಒತ್ತಿದಷ್ಟೂ ಡ್ರಮ್ಮು ಕಾದು ಹಿಡಿತ ಸಡಿಲುತ್ತದೆ. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಭಾರಿ ವಾಹನ ಹತ್ತಾರು ಗಾಡಿಗಳಿಗೆ ಗುದ್ದಿತು. ಹತ್ತುವಾಗ ಯಾವ ಗೇರಿನಲ್ಲಿ ಹತ್ತಿದ್ದೀರೋ ಇಳಿಯುವಾಗಲೂ ಆ ಗೇರು, ಇಳಿಜಾರು ಶುರುವಾಗುವ ಮೊದಲೇ ಆ ಗೇರಿಗೆ ಬಂದಿರಬೇಕು, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿರಬೇಕು, ಕಾಲಿನ ಬ್ರೇಕು ಆಗಾಗ ಮಾತ್ರ ಎಂಬುದು ಹಳಬರ ಮಾತು. ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ.

ಹೆಣ್ಣುಮಕ್ಕಳನ್ನ ತಗೋತಾರಾ?

ಕಾಯ್ದೆಯಲ್ಲಿ ಯಾವ ತಡೆಯೂ ಇಲ್ಲ, ಕೆಲವು ಕಂಪನಿಗಳು ಮಹಿಳೆಯರಿಗಾಗಿಯೇ ತಂಡಗಳನ್ನು ನಡೆಸುತ್ತಿವೆ. ಹೆದ್ದಾರಿಯ ಶೌಚಾಲಯ, ರಾತ್ರಿಯ ತಂಗುದಾಣಗಳ ಸ್ಥಿತಿ ಇನ್ನೂ ನಾಚಿಕೆಗೇಡು. ಅದೇ ದಿನ ಮನೆಗೆ ಮರಳುವ ಮಾರ್ಗಗಳಿಂದ, ಉದಾಹರಣೆಗೆ ಚಾಕಣದ ಕಾರ್ಖಾನೆಗಳ ನಡುವಿನ ಬಿಡಿಭಾಗ ಸಾಗಣೆಯಿಂದ, ಆರಂಭಿಸುವುದು ಸೂಕ್ತ.

## ಕಾಗದಪತ್ರ

ಬಾಂಡ್ ಅಂದರೆ ನಿಖರವಾಗಿ ಏನು? ಮಧ್ಯದಲ್ಲಿ ಬಿಟ್ಟರೆ ಜೈಲಿಗೆ ಹಾಕಿಸುತ್ತೇವೆ ಅಂತಾರೆ.

ಬಾಂಡ್ ಎಂಬುದು ಕರಾರು. ಕಂಪನಿ ನಿಮ್ಮ ಮೇಲೆ ಇಷ್ಟು ಖರ್ಚು ಮಾಡುತ್ತದೆ, ನೀವು ಇಷ್ಟು ಕಾಲ ದುಡಿಯುತ್ತೀರಿ, ಮೊದಲೇ ಬಿಟ್ಟರೆ ಇಷ್ಟು ಹಣ ಕೊಡುತ್ತೀರಿ ಎಂಬ ಮೂರು ಮಾತುಗಳು ಅದರಲ್ಲಿರುತ್ತವೆ. ಅದನ್ನು ಮುರಿಯುವುದು ಸಿವಿಲ್ ವ್ಯಾಜ್ಯದ ವಿಷಯ, ಜೈಲಿನ ಮಾತು ಬರೀ ಬೆದರಿಕೆ. 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನಂತೆ, ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ, ನ್ಯಾಯಯುತವೆನಿಸುವ ಪರಿಹಾರವನ್ನು ಮಾತ್ರ.

ಹಾಗೆಂದು ಬಾಂಡಿಗೆ ಬೆಲೆಯೇ ಇಲ್ಲವೆಂದು ತಿಳಿಯುವುದೂ ತಪ್ಪು. ಮೂರು ವರ್ಷ ದುಡಿಯಬೇಕು, ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಎಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆ ಪ್ರಕರಣದ ನೌಕರ ಬ್ಯಾಂಕಿನ ಅಧಿಕಾರಿ, ನೀವು ಹೊಸದಾಗಿ ಕಲಿತ ಚಾಲಕ, ಆದ್ದರಿಂದ ಮೊತ್ತದ ಲೆಕ್ಕ ಬೇರೆಯಾದೀತು. ಆದರೆ ಕಲಿಸಿದ ಖರ್ಚನ್ನು ವಸೂಲು ಮಾಡಲು ಇಂತಿಷ್ಟು ಕಾಲ ಕೆಲಸ ಕೇಳುವುದು ತಾನೇ ತಾನಾಗಿ ಅಕ್ರಮವಲ್ಲ ಎಂಬುದು ಅದರಿಂದ ತಿಳಿಯುತ್ತದೆ.

ಸಹಿಗೆ ಮೊದಲು ನೋಡಬೇಕಾದದ್ದು ಮೊತ್ತ ಇಳಿಯುತ್ತ ಹೋಗುತ್ತದೆಯೆ ಎಂಬುದು. ಎರಡು ವರ್ಷದ ಬಾಂಡಿನಲ್ಲಿ ಇಪ್ಪತ್ತೆರಡು ತಿಂಗಳು ದುಡಿದವನೂ ಎರಡೇ ತಿಂಗಳಿಗೆ ಓಡಿಹೋದವನೂ ಒಂದೇ ಮೊತ್ತ ಕಟ್ಟಬೇಕೆಂದಿದ್ದರೆ ಅದನ್ನು ತಿಂಗಳ ಲೆಕ್ಕದಲ್ಲಿ ಇಳಿಸಿ ಬರೆಯಿರಿ ಎಂದು ಕೇಳಿ. ಅವಧಿ ಶುರುವಾಗುವುದು ತರಬೇತಿಗೆ ಸೇರಿದ ದಿನದಿಂದಲೋ, ಲೈಸೆನ್ಸ್ ಬಂದ ದಿನದಿಂದಲೋ, ಗಾಡಿ ಕೈಗೆ ಕೊಟ್ಟ ದಿನದಿಂದಲೋ? ಕಂಪನಿಯೇ ಕೆಲಸದಿಂದ ತೆಗೆದರೆ, ಕಾಯಿಲೆ ಬಿದ್ದರೆ, ಪರೀಕ್ಷೆಯಲ್ಲಿ ಫೇಲಾದರೆ ಏನು? ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ನಿಮಗೆ ಓದಲು ಬಾರದಿದ್ದರೆ ಒಂದು ದಿನದ ಸಮಯ ಕೇಳಿ ಮನೆಗೆ ತನ್ನಿ, ಓದಬಲ್ಲ ನಮ್ಮವರು ಪ್ರತಿ ಚಾಳಿನಲ್ಲೂ ಇದ್ದಾರೆ. ಒಂದು ದಿನವೂ ಕೊಡುವುದಿಲ್ಲ, ಈಗಲೇ ಸಹಿ ಹಾಕು ಎನ್ನುವ ಕಂಪನಿಯಲ್ಲಿ ನಾನಾದರೆ ಸೇರುವುದಿಲ್ಲ. ಸಹಿಯಾದ ಕರಾರಿನ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು.

ಲೈಸೆನ್ಸ್, ಮಾರ್ಕ್ಸ್ ಕಾರ್ಡ್, ಸಹಿ ಹಾಕಿದ ಖಾಲಿ ಚೆಕ್ ಇಟ್ಟುಕೊಳ್ಳುತ್ತೇವೆ ಎನ್ನುತ್ತಾರೆ. ಕೊಡಬಹುದೆ?

ನಕಲು ಕೊಡಿ, ಮೂಲವನ್ನು ತೋರಿಸಿ ಮರಳಿ ಪಡೆಯಿರಿ. ಲೈಸೆನ್ಸ್ ನಿಮ್ಮ ಹೆಸರಿನದು, ಪೊಲೀಸರು ಕೇಳಿದಾಗ ತೋರಿಸಬೇಕಾದವರೂ ನೀವೇ. ಡಿಜಿಲಾಕರಿನ ಪ್ರತಿ ಕಾನೂನಿನಂತೆ ನಡೆಯುತ್ತದೆ ಎಂಬ ಕಾರಣಕ್ಕೆ ಕಾರ್ಡನ್ನು ಒಪ್ಪಿಸಿಬಿಡುವುದು ಜಾಣತನವಲ್ಲ. ಖಾಲಿ ಚೆಕ್ಕಂತೂ ಬೇಡವೇ ಬೇಡ. ಕರಾರು ಮುರಿದರೆ ಜೈಲಿಲ್ಲ ಎಂದು ಮೇಲೆ ಹೇಳಿದೆ, ಚೆಕ್ ಬೌನ್ಸಾದರೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಖಾಲಿ ಚೆಕ್ ಕೇಳುವುದರ ಗುಟ್ಟು ಇಷ್ಟೇ.

ಪಗಾರ ಎಷ್ಟು ಅಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಹೇಗೆ ಲೆಕ್ಕ ಹಾಕೋದು?

ಪಗಾರ, ಭತ್ತೆ, ಟ್ರಿಪ್ಪಿನ ಇನಾಮು ಬೇರೆ ಬೇರೆ ಎಂದು ತಿಳಿಯದಿರುವುದರಿಂದ ಈ ಗೊಂದಲ. ಪಗಾರ ಗಾಡಿ ನಿಂತಿದ್ದರೂ ಬರುವ ಹಣ. ಭತ್ತೆ ರಸ್ತೆಯಲ್ಲಿದ್ದ ದಿನದ ಊಟ ತಿಂಡಿಗೆ. ಎವರೇಜ್, ಅಂದರೆ ಲೀಟರ್ ಡೀಸೆಲ್ಲಿಗೆ ಓಡಿದ ಕಿಲೋಮೀಟರು, ಚೆನ್ನಾಗಿ ಕೊಟ್ಟರೆ, ಹೇಳಿದ ಹೊತ್ತಿಗೆ ಸರಕು ಮುಟ್ಟಿಸಿದರೆ ಇನಾಮು. ಎಲ್ಲವನ್ನೂ ಕೂಡಿಸಿ ದೊಡ್ಡ ಅಂಕಿ ಹೇಳಿದಾಗ, ಬಂದರಿನಲ್ಲಿ ಸಾಲು ಹತ್ತಿ ಮೂರು ದಿನ ನಿಂತ ತಿಂಗಳಲ್ಲಿ ಎಷ್ಟು ಬರುತ್ತದೆ ಎಂದು ಕೇಳಿ, ನಿಜವಾದ ಪಗಾರ ಹೊರಬೀಳುತ್ತದೆ. ಭವಿಷ್ಯನಿಧಿಯ ಕಂತಿನ ಲೆಕ್ಕ ಹಾಕುವುದೂ ಮುಖ್ಯವಾಗಿ ಪಗಾರದ ಮೇಲೆಯೇ.

ತರಬೇತಿಯ ಹಣವನ್ನು ಕಂತಿನಲ್ಲಿ ಮುರಿದುಕೊಳ್ಳುವ ಕಂಪನಿಗಳೂ ಇವೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಂತೆ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರುವಂತಿಲ್ಲ. ಕನ್ನಡಿ ಒಡೆಯಿತು, ಬಂಪರು ತರಚಿತು ಎಂದು ಹಣ ಮುರಿಯುವ ಮೊದಲು ನಿಮ್ಮ ವಿವರಣೆ ಕೇಳಬೇಕು.

## ರಸ್ತೆಗಿಳಿದ ಮೇಲೆ

ನಮ್ಮ ಮನೆಯವ್ರು ರಾತ್ರಿ ಹಗಲು ಓಡಸ್ತಾರ್ರಿ. ತಾಸಿಗೆ ಏನರ ಮಿತಿ ಐತೇನು?

ಇದೆಯಮ್ಮ. ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು, ಐದು ತಾಸು ಕೆಲಸವಾದ ಮೇಲೆ ಕನಿಷ್ಠ ಅರ್ಧ ತಾಸಿನ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಗೊತ್ತುಮಾಡಿತ್ತು. ಆ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದ್ದರೂ ಎಂಟು ತಾಸಿನ ಮಿತಿ ಉಳಿದಿದೆ. ರಸ್ತೆಯ ಮೇಲೆ ಇದು ಪಾಲನೆಯಾಗುವುದು ಅಪರೂಪ, ಮುಖ್ಯವಾಗಿ ಒಬ್ಬನೇ ಚಾಲಕನಿರುವ ಗಾಡಿಗಳಲ್ಲಿ. ಕಂಪನಿಯನ್ನು ಆರಿಸುವಾಗ ಎರಡನೆಯ ಚಾಲಕನಿರುತ್ತಾನೆಯೆ, ಅಥವಾ ನಡುದಾರಿಯಲ್ಲಿ ಚಾಲಕ ಬದಲಾಗುವ ರಿಲೇ ಪದ್ಧತಿ ಇದೆಯೆ ಎಂದು ಹೆಂಡತಿಯಾದವರೂ ಕೇಳಬೇಕು, ಕೇಳಿದರೆ ತಪ್ಪೇನಿಲ್ಲ. ಇನ್ನೊಂದು ಸಮಾಧಾನದ ಸಂಗತಿ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ.

ಓವರ್‌ಲೋಡ್ ಹಾಕಿಸಿದ್ದು ಮಾಲೀಕ. ದಂಡ ನಾನ್ಯಾಕೆ ಕಟ್ಟಬೇಕು?

ಮೋಟಾರು ವಾಹನ ಕಾಯ್ದೆ ಓಡಿಸುವವನನ್ನೂ ಓಡಿಸಲು ಬಿಟ್ಟವನನ್ನೂ ಒಟ್ಟಿಗೇ ಹಿಡಿಯುತ್ತದೆ. ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000, ಜೊತೆಗೆ ಹೆಚ್ಚುವರಿ ಸರಕನ್ನು ಅಲ್ಲಿಯೇ ಇಳಿಸುವ ಖರ್ಚು. 2018ರ ಪರಿಷ್ಕರಣೆಯ ನಂತರ ಆರು ಚಕ್ರದ ಲಾರಿಗೆ ಒಟ್ಟು 18.5 ಟನ್, ಹತ್ತು ಚಕ್ರದ್ದಕ್ಕೆ ಸುಮಾರು 28 ಟನ್ ಮಿತಿಯಿದೆ, ಆದರೆ ನಿಮ್ಮ ಗಾಡಿಯ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬರೆದದ್ದೇ ನಿಮಗೆ ಲೆಕ್ಕ. ಗಾಡಿ ತೂಗುವ ವೇಬ್ರಿಜ್ಜಿನ ಚೀಟಿಯ ಫೋಟೋ ತೆಗೆದು ಗೇಟು ದಾಟುವ ಮೊದಲೇ ಸೂಪರ್‌ವೈಸರನಿಗೆ ಕಳುಹಿಸಿ. ಮುಂದೆ ಮಾತು ಬಂದಾಗ ನೀವು ತಿಳಿಸಿದ್ದಿರಿ ಎನ್ನಲು ಅದೊಂದೇ ಸಾಕ್ಷಿ.

ಅಪಘಾತವಾದರೆ ಓಡಿಹೋಗು, ಇಲ್ಲದಿದ್ದರೆ ಜನ ಕೊಂದುಬಿಡುತ್ತಾರೆ ಎನ್ನುತ್ತಾರೆ ಹಳಬರು.

ಆ ಭಯಕ್ಕೆ ಕಾರಣವಿದೆ, ಮೋಟಾರು ವಾಹನ ಕಾಯ್ದೆಗೂ ಅದು ಗೊತ್ತು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಸಾಧ್ಯವಾದುದನ್ನೆಲ್ಲ ಚಾಲಕ ಮಾಡಬೇಕು ಎನ್ನುವ 134ನೆಯ ಕಲಮೇ, ಜನರ ರೋಷದಿಂದ ಅದು ಆಗದ ಸಂದರ್ಭವನ್ನು ಹೊರತುಪಡಿಸಿದೆ. ಆದರೆ ಪೊಲೀಸರಿಗೆ ತಿಳಿಸುವ ಹೊಣೆ ತಪ್ಪುವುದಿಲ್ಲ. ಪ್ರಾಣಭಯವಿದ್ದರೆ ಅಲ್ಲಿಂದ ಸರಿದು 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ಹೋಗಿ, ಕಂಪನಿಗೆ ತಿಳಿಸಿ. ಕರೆಯ ಹೊತ್ತು ಫೋನಿನಲ್ಲಿ ಉಳಿಯುತ್ತದೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುವ 106(2), 2024ರ ಜನವರಿಯಲ್ಲಿ ಚಾಲಕರು ನಡೆಸಿದ ಮುಷ್ಕರದ ನಂತರ, ಸಂಹಿತೆ ಜಾರಿಗೆ ಬಂದಾಗ ಅದರೊಡನೆ ಜಾರಿಯಾಗಲಿಲ್ಲ.

ಬಾಂಡ್ ಮುಗಿಯಿತು. ಮುಂದೆ ಯಾವ ಲೈನಿಗೆ ಹೋದರೆ ಒಳ್ಳೆಯದು?

ನ್ಹಾವಾ ಶೇವಾದ ಬಂದರಿನಿಂದ ಕಂಟೇನರ್ ಟ್ರೇಲರ್, ಚಾಕಣದಿಂದ ಕಾರು ಸಾಗಿಸುವ ಉದ್ದ ಗಾಡಿ, ತಳೋಜಾ ಕಡೆಯ ರಾಸಾಯನಿಕ ಟ್ಯಾಂಕರ್ ಇವು ನಮ್ಮ ಸುತ್ತ ಇರುವ ದೊಡ್ಡ ದಾರಿಗಳು. ಟ್ರೇಲರಿನಲ್ಲಿ ರಿವರ್ಸು ಕಲಿತವನಿಗೆ ಕೆಲಸ ತಪ್ಪದು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಹಿಂದಿನ ಟ್ರೇಲರ್ ಬಲಕ್ಕೆ ಹೊರಳುವುದರಿಂದ ಅದಕ್ಕೆ ಬೇರೆಯೇ ಅಭ್ಯಾಸ ಬೇಕು, ಹೊರಡುವ ಮುನ್ನ ಕಂಟೇನರಿನ ನಾಲ್ಕೂ ಮೂಲೆಯ ಲಾಕುಗಳನ್ನು ಕೈಯಿಂದಲೇ ಅಲುಗಿಸಿ ನೋಡುವ ಶಿಸ್ತೂ ಬೇಕು.

ಟ್ಯಾಂಕರಿನಲ್ಲಿ ಹಣ ಹೆಚ್ಚು, ಷರತ್ತೂ ಹೆಚ್ಚು. ಅಪಾಯಕಾರಿ ಸರಕಿಗೆ ಮೂರು ದಿನದ ವಿಶೇಷ ತರಬೇತಿಯ ಪ್ರಮಾಣಪತ್ರ ಬೇಕು, ಸಂವಿಧಾನದ ಎಂಟನೆಯ ಪರಿಶಿಷ್ಟದ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು. ಆ ಒಂದು ಭಾಷೆ ಕನ್ನಡವೂ ಆಗಬಹುದು. ಸಾಮಾನ್ಯ ಸಾರಿಗೆ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾದರೆ ಇದು ಮೂರು ವರ್ಷಕ್ಕೊಮ್ಮೆ. ಗೋವಾದವರು ಅದಿರಿನ ಟಿಪ್ಪರನ್ನು ನಂಬಿ ಸಾಲ ಮಾಡುವ ಮುನ್ನ ನೆನಪಿಡಬೇಕಾದದ್ದು, ಅಲ್ಲಿನ ಗಣಿಗಾರಿಕೆ 2012ರಲ್ಲೂ 2018ರಲ್ಲೂ ನಿಂತಿತ್ತು, ಎರಡೂ ಸಲ ಟಿಪ್ಪರುಗಳು ಮನೆಯಂಗಳದಲ್ಲೇ ತುಕ್ಕು ಹಿಡಿದವು.

ಸ್ವಂತ ಲಾರಿ ತೆಗೆದುಕೊಳ್ಳಲೆ?

ಖಾತ್ರಿಯ ಲೋಡು ಕೊಡುವವರು ಇಬ್ಬರಾದರೂ ಇಲ್ಲದೆ ಬೇಡ. ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಬಾಡಿಗೆಯ ಹಣ ಬರುವುದು ಕೊಡುವವರ ಮರ್ಜಿಯ ಮೇಲೆ.

ಅಮೆರಿಕದಲ್ಲೂ ಕಂಪನಿಯೇ ಕಲಿಸುತ್ತದೆಯಂತೆ. ದುಬೈ, ಸೌದಿಗೆ ಏಜೆಂಟರೂ ಕರೆಯುತ್ತಿದ್ದಾರೆ. ಹೋಗಬಹುದೆ?

ಅಮೆರಿಕದಲ್ಲಿ ಈ ಪದ್ಧತಿ ಬಹಳ ಬೇರೂರಿದೆ ನಿಜ. ಅಲ್ಲಿನ ದೊಡ್ಡ ಸಾಗಣೆ ಕಂಪನಿಗಳು ವಾಣಿಜ್ಯ ಚಾಲನಾ ಲೈಸೆನ್ಸಿನ ತರಬೇತಿಯ ಖರ್ಚು ಭರಿಸಿ ಸಾಮಾನ್ಯವಾಗಿ ವರ್ಷದಷ್ಟು ಕಾಲದ ಸೇವೆ ಬರೆಸಿಕೊಳ್ಳುತ್ತವೆ. 2022ರ ಫೆಬ್ರವರಿಯಿಂದ ಹೊಸಬರೆಲ್ಲರಿಗೂ ನೋಂದಾಯಿತ ಕೇಂದ್ರದ ತರಬೇತಿ ಕಡ್ಡಾಯ, ರಾಜ್ಯದಿಂದ ರಾಜ್ಯಕ್ಕೆ ಓಡಿಸಲು ಇಪ್ಪತ್ತೊಂದು ತುಂಬಿರಬೇಕು. ಆದರೆ ಅದು ಅಲ್ಲಿ ಕೆಲಸ ಮಾಡುವ ಹಕ್ಕು ಈಗಾಗಲೇ ಇದ್ದವರಿಗೆ. ವಾಣಿಜ್ಯ ಲಾರಿ ಚಾಲಕರಿಗೆ ಉದ್ಯೋಗ ವೀಸಾ ಕೊಡುವುದನ್ನು ನಿಲ್ಲಿಸಿರುವುದಾಗಿ ಆ ಸರಕಾರ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ಚಾಲಕನ ವೀಸಾ ಕೊಡಿಸಿ ಅಮೆರಿಕಕ್ಕೆ ಕಳುಹಿಸುತ್ತೇನೆಂದು ಹಣ ಕೇಳುವವನನ್ನು ನಂಬಬೇಡಿ.

ಕೊಲ್ಲಿ ದೇಶಗಳ ಮಾತು ಬೇರೆ, ನಮ್ಮವರು ಅಲ್ಲಿ ಬಹಳ ಕಾಲದಿಂದ ಓಡಿಸುತ್ತಿದ್ದಾರೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವಲಸೆ ಅನುಮತಿಯ ಮುದ್ರೆ ಬೇಕಾಗುತ್ತದೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿದ ಏಜೆಂಟರು ಮಾತ್ರ ಹೀಗೆ ಕಳುಹಿಸಬಹುದು, ಅವರ ಪಟ್ಟಿ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ನಿಮ್ಮಿಂದ ಪಡೆಯಬಹುದಾದ ಸೇವಾಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಅಲ್ಲಿ ಕೊಡುವ ಕೆಲಸ ಟ್ರೇಲರಿನದೋ ಮನೆಯ ಕಾರಿನದೋ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿ ಇರದಿದ್ದರೆ ಪಾಸ್‌ಪೋರ್ಟನ್ನು ಏಜೆಂಟನ ಕೈಗೆ ಕೊಡಬೇಡಿ.